ಕುಮಾರ ಪರ್ವತ: ಮುನ್ನೂರರ ಲೆಕ್ಕ ಸಾಕೆ?

2024ರ ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನ ಸಾಲು ರಜೆ. ಕುಮಾರ ಪರ್ವತದ ಹಾದಿಯಲ್ಲಿ ಚಾರಣಿಗರು ಒಬ್ಬರ ಬೆನ್ನಿಗೊಬ್ಬರು ಕಿಕ್ಕಿರಿದು ನಿಂತ ವಿಡಿಯೊ ರಾಜ್ಯವೆಲ್ಲ ಹರಿದಾಡಿತು. ಬೆನ್ನಿಗೇ ಸರ್ಕಾರ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣ ನಿಲ್ಲಿಸಿತು. ಆಮೇಲೆ ದಿನಕ್ಕೆ 300 ಮಂದಿ ಎಂಬ ಮಿತಿಯೊಂದಿಗೆ ದಾರಿಗಳು ಮತ್ತೆ ತೆರೆದವು.

ಈ ಮಿತಿ ಬೇಕೇ ಬೇಕಿತ್ತು. ‘ಬೆಟ್ಟ ಎಲ್ಲರದು, ತಡೆಯಲು ಇವರ್ಯಾರು’ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೂ ಈ ವ್ಯವಸ್ಥೆ ಎಣಿಸುತ್ತಿರುವುದು ತಲೆಗಳನ್ನು. ಬೆಟ್ಟಕ್ಕೆ ಪೆಟ್ಟು ಬೀಳುತ್ತಿರುವುದು ಕಾಲುಗಳಿಂದ.

ಸುಬ್ರಹ್ಮಣ್ಯದಿಂದ ಹತ್ತುವವರು ಗಿರಿಗದ್ದೆಯವರೆಗೆ ದಟ್ಟ ಕಾಡಿನೊಳಗೆ ನಡೆಯುತ್ತಾರೆ. ಅಲ್ಲಿಂದ ಕಲ್ಲುಮಂಟಪದ ಕಡೆಗೆ ಬರೀ ಹುಲ್ಲಿನ ಇಳಿಜಾರು. ಇಂಥ ಕಡೆ ಮಣ್ಣನ್ನು ಹಿಡಿದಿರುವುದು ಹುಲ್ಲಿನ ಬೇರು ಮಾತ್ರ. ಬೂಟುಗಳು ಒಂದೇ ಸಾಲಿನಲ್ಲಿ ತುಳಿದರೆ ಮೊದಲು ಹುಲ್ಲು ಸಾಯುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ನಿಲ್ಲುತ್ತದೆ. ಜೂನ್ ತಿಂಗಳ ಮಳೆ ಆ ಸಾಲನ್ನೇ ತೋಡು ಮಾಡಿಕೊಂಡು ಹರಿಯುತ್ತದೆ. ಮುಂದಿನ ಸೀಸನ್‌ನಲ್ಲಿ ಬಂದವರು ಕೊರಕಲಲ್ಲಿ ಕಾಲಿಡಲು ಅಂಜಿ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಹೀಗೆ ಒಂದು ಕಾಲುದಾರಿ ಎರಡಾಗುತ್ತದೆ, ಮೂರಾಗುತ್ತದೆ. ಇದನ್ನು ಮಾಡುವವರು ಪುಂಡರೇನಲ್ಲ. ಪ್ಲಾಸ್ಟಿಕ್ ಎಸೆಯದ, ಗದ್ದಲ ಮಾಡದ ಸಭ್ಯ ಚಾರಣಿಗರೂ ಮಾಡುತ್ತಾರೆ. ಚೆಕ್‌ಪೋಸ್ಟಿನಲ್ಲಿ ಚೀಲ ತಪಾಸಣೆ ಮಾಡಿ ಬಾಟಲಿ ಎಣಿಸಿದರೆ ಇದು ಸಿಕ್ಕಿಬೀಳುವುದಿಲ್ಲ.

ಮಳೆಗಾಲದಲ್ಲಿ ಜಾರುವ ಅಪಾಯ, ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯ. ಹಾಗಾಗಿ ವರ್ಷದ ಚಾರಣವೆಲ್ಲ ಮಳೆ ನಿಂತ ಮೇಲಿನ ಕೆಲವೇ ತಿಂಗಳಿಗೆ, ಅದರಲ್ಲೂ ಶನಿವಾರ, ಭಾನುವಾರಗಳಿಗೆ ಬಂದು ಬೀಳುತ್ತದೆ. ಇಲ್ಲೇ ಈ ನಿಯಮ ಸೋಲುವುದು. ಮಂಗಳವಾರಕ್ಕೂ ಭಾನುವಾರಕ್ಕೂ, ಒಣನೆಲಕ್ಕೂ ಅಕಾಲ ಮಳೆಯಲ್ಲಿ ನೆನೆದ ನೆಲಕ್ಕೂ ಅದೇ ಮುನ್ನೂರು. ಕುದುರೆಮುಖದ ಹುಲ್ಲುಗುಡ್ಡಕ್ಕೂ ಅದೇ. ಎಲ್ಲ ಬೆಟ್ಟಗಳ ತಾಳಿಕೆ ಒಂದೇ ಆಗಿರಲು ಹೇಗೆ ಸಾಧ್ಯ?

ಪುಷ್ಪಗಿರಿ ವನ್ಯಧಾಮದ ನೆತ್ತಿಯಾದ ಕುಮಾರ ಪರ್ವತವನ್ನು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ ಭಾಗವೆಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇಲ್ಲಿ ಹುಟ್ಟುವ ಕುಮಾರಧಾರೆ. ಉಪ್ಪಿನಂಗಡಿಯಲ್ಲಿ ಅದು ನೇತ್ರಾವತಿಯನ್ನು ಕೂಡುತ್ತದೆ. ಕೆಳಗೆ ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನೀರು ಕುಡಿಯುತ್ತದೆ. ಮಳೆನೀರನ್ನು ಹೀರಿಟ್ಟುಕೊಂಡು ಬೇಸಿಗೆಗೆ ಬಿಡುವ ಹುಲ್ಲುಗಾವಲು, ಶೋಲಾ ಕಾಡು ಸವೆದರೆ ನಷ್ಟ ಚಾರಣಿಗರಿಗಷ್ಟೇ ಅಲ್ಲ.

ಮುನ್ನೂರನ್ನು ಇನ್ನೂರು ಮಾಡಿ ಎಂದು ಸುಮ್ಮನೆ ಕೇಳುವುದರಲ್ಲಿ ಅರ್ಥವಿಲ್ಲ. ಪ್ರತಿ ಬೆಟ್ಟದ ಹಾದಿ ಎಷ್ಟು ಅಗಲವಾಗಿದೆ, ಎಷ್ಟು ಆಳ ಕೊರೆದಿದೆ ಎಂದು ಮಳೆಗಾಲದ ಮೊದಲು ಮತ್ತು ನಂತರ ಅಳೆಯಲಿ. ಆ ವರ್ಷದ ಮಿತಿ ಅದರ ಮೇಲೆ ನಿಲ್ಲಲಿ. ಸೀಸನ್‌ನಲ್ಲೂ ವಾರಕ್ಕೆ ಎರಡು ದಿನ ಗೇಟು ಮುಚ್ಚಲಿ. ಚಾರಣ ಶುಲ್ಕದ ಒಂದು ಪಾಲಿನಿಂದ ಸ್ಥಳೀಯರಿಗೇ ಕೂಲಿ ಕೊಟ್ಟು, ಕೊರಕಲುಗಳಿಗೆ ಅಡ್ಡಕಲ್ಲು ಕಟ್ಟಿಸಿ, ಪಕ್ಕದ ಕಳ್ಳದಾರಿಗಳನ್ನು ಮುಚ್ಚಿಸಲಿ.