ತಿಪ್ಪೋಜನಿಗೆ ಯಾವ ಸ್ಪೆಶಲೈಜೇಶನ್?

ಕಾದಂಬರಿ ಬಂದರೆ ವಿಮರ್ಶೆ ಬರೆಯುತ್ತೇವೆ, ಕವನ ಸಂಕಲನ ಬಂದರೆ ಬರೆಯುತ್ತೇವೆ, ಚಿತ್ರಪ್ರದರ್ಶನ ನಡೆದರೆ ಅಪರೂಪಕ್ಕೆ ನಾಲ್ಕು ಸಾಲು ಬರೆಯುತ್ತೇವೆ. ಆ ಚಿತ್ರ ಬರೆಯುವವರನ್ನು ನಾಲ್ಕು ವರ್ಷ ಕೂರಿಸಿ ತಯಾರು ಮಾಡುವ ಪಠ್ಯಕ್ರಮವನ್ನು ಮಾತ್ರ ಯಾರೂ ಒಂದು ಬರಹವೆಂದು ಓದುವುದಿಲ್ಲ. ಅದನ್ನು ಓದುವವರು ಕಾಲೇಜಿನ ಗುಮಾಸ್ತರು ಮತ್ತು ಪರೀಕ್ಷೆಯ ಹಿಂದಿನ ರಾತ್ರಿಯ ವಿದ್ಯಾರ್ಥಿಗಳು. ಆದರೆ ಕಲೆ ಎಂದರೇನು, ಕಲಾವಿದ ಯಾರು, ಅವನಿಗೆ ಏನು ಗೊತ್ತಿರಬೇಕು, ಏನು ಗೊತ್ತಿಲ್ಲದಿದ್ದರೂ ನಡೆಯುತ್ತದೆ ಎಂಬ ಪ್ರಶ್ನೆಗಳಿಗೆ ನಮ್ಮ ಸಮಾಜ ಕೊಟ್ಟ ಅಧಿಕೃತ ಉತ್ತರ ಇರುವುದು ಅಲ್ಲಿಯೇ. ಹಾಗಾಗಿ ಈ ವಾರ ನಮ್ಮ ದೃಶ್ಯಕಲಾ ಪದವಿಯ, ಅಂದರೆ ಬಿ.ವಿ.ಎ.ಯ, ಪಠ್ಯಕ್ರಮವನ್ನೇ ಎದುರಿಗಿಟ್ಟುಕೊಂಡಿದ್ದೇನೆ. ಓದುವಾಗ ಪಕ್ಕದಲ್ಲಿ ದೇಗಾಂವದ ಗುಡಿಯನ್ನೂ ಇಟ್ಟುಕೊಂಡಿದ್ದೇನೆ.

ದೇಗಾಂವ ಕಿತ್ತೂರಿಗೆ ಹತ್ತಿರದ ಊರು. ಕಿತ್ತೂರಿಗೆ ಬಂದವರು ಚೆನ್ನಮ್ಮನ ಕೋಟೆ ನೋಡಿ ಹೆದ್ದಾರಿ ಹಿಡಿಯುತ್ತಾರೆ. ಇಲ್ಲಿಗೆ ಬರುವವರು ಕಡಿಮೆ. ಇಲ್ಲಿರುವ ಕಮಲನಾರಾಯಣ ಗುಡಿ 12ನೆಯ ಶತಮಾನದ್ದು. ಗೋವೆಯ ಕದಂಬರ ಶಿವಚಿತ್ತ ಪೆರ್ಮಾಡಿದೇವನ ರಾಣಿ ಕಮಲಾದೇವಿ ಕಟ್ಟಿಸಿದ್ದು. ಒಂದರ ಪಕ್ಕಕ್ಕೊಂದು ಮೂರು ಗರ್ಭಗುಡಿ, ಮೂರಕ್ಕೂ ಸೇರಿ ಮುಂದೆ ಉದ್ದನೆಯ ಮಂಟಪ. ರಾಣಿಯ ಹೆಸರಿಗೆ ತಕ್ಕಂತೆ ಎಲ್ಲಿ ನೋಡಿದರೂ ಕಲ್ಲಿನ ಕಮಲ. ಕಟ್ಟಿದ ರೂವಾರಿಯ ಹೆಸರು ತಿಪ್ಪೋಜ. ರಾಣಿಯ ಹೆಸರಿನ ಜೊತೆಗೆ ಕೆಲಸಗಾರನ ಹೆಸರೂ ಉಳಿದು ಬಂದಿರುವುದು ನಮ್ಮ ಪುಣ್ಯ. ‘ಓಜ’ ಎಂಬುದು ಉಪಾಧ್ಯಾಯ ಎಂಬ ಮಾತು ಸವೆದು ಆದದ್ದು. ಬೇಲೂರಿನ ದಾಸೋಜ ಕೂಡ ಹಾಗೆಯೇ. ಕಲ್ಲು ಕೆತ್ತುವವನ ಹೆಸರಿನಲ್ಲೇ ಮೇಷ್ಟ್ರು ಕೂತಿದ್ದಾನೆ!

ಈಗ ಪಠ್ಯಕ್ರಮಕ್ಕೆ ಬರೋಣ. ಪಿ.ಯು.ಸಿ. ಮುಗಿಸಿದವರಿಗೆ ನಾಲ್ಕು ವರ್ಷದ ಪದವಿ. ಮೊದಲ ವರ್ಷ ಫೌಂಡೇಶನ್: ರೇಖಾಚಿತ್ರ, ಬಣ್ಣ, ವಿನ್ಯಾಸ, ಮಣ್ಣಿನ ಕೆಲಸ, ಒಂದಿಷ್ಟು ಅಚ್ಚುಕಲೆ. ಆಮೇಲೆ ಕವಲು ದಾರಿ. ಚಿತ್ರಕಲೆ, ಶಿಲ್ಪಕಲೆ, ಗ್ರಾಫಿಕ್, ಅನ್ವಯಿಕ ಕಲೆ. ಕೆಲವು ಕಡೆ ಛಾಯಾಗ್ರಹಣ, ಕಲಾ ಇತಿಹಾಸ. ಒಂದನ್ನು ಹಿಡಿದರೆ ಉಳಿದವನ್ನು ಬಿಟ್ಟಂತೆಯೇ. ಇದಕ್ಕೆಲ್ಲ ಬೆನ್ನಿಗೆ ಭಾಷೆ, ಸಂವಿಧಾನ, ಪರಿಸರ ಎಂಬ ಕಡ್ಡಾಯ ಪತ್ರಿಕೆಗಳು. 2021ರಲ್ಲಿ ಎನ್.ಇ.ಪಿ. ಬಂದಾಗ ಹೆಸರು, ಕ್ರೆಡಿಟ್ಟು, ಎಲೆಕ್ಟಿವ್ವುಗಳು ಅದಲು ಬದಲಾದವು. 2024ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟಾಗ ಮತ್ತೊಮ್ಮೆ ಕೋಷ್ಟಕಗಳು ಬದಲಾದವು. ಒಳಗಿನ ಎಲುಬುಗೂಡು ಮಾತ್ರ ಹಾಗೇ ಇದೆ.

ತಿಪ್ಪೋಜ ಇವತ್ತು ಅರ್ಜಿ ಹಾಕಿದರೆ ಯಾವ ವಿಭಾಗಕ್ಕೆ ಸೇರಬೇಕು? ವಿಗ್ರಹ ಕಡೆಯುವುದಕ್ಕೆ ಶಿಲ್ಪ ವಿಭಾಗ. ಬಳ್ಳಿ, ಕಮಲ, ಅಂಚಿನ ಪಟ್ಟಿಕೆಗಳ ವಿನ್ಯಾಸಕ್ಕೆ ಅನ್ವಯಿಕ ಕಲೆ. ಶಾಸನದ ಅಕ್ಷರ ಕಂಡರಿಸುವ ಕೈಗೂ ಅನ್ವಯಿಕ ಕಲೆಯೇ; ಅಕ್ಷರ ವಿನ್ಯಾಸ ಅಲ್ಲಿದೆ. ಯಾವ ದೇವರ ಕೈಯಲ್ಲಿ ಯಾವ ಆಯುಧ ಎಂದು ತಿಳಿಯಲು ಕಲಾ ಇತಿಹಾಸ. ಗುಡಿ ಬೀಳದಂತೆ ನಿಲ್ಲಿಸುವುದಕ್ಕೆ? ಅದು ಈ ಪದವಿಯಲ್ಲೇ ಇಲ್ಲ, ಎಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕು. ಇದನ್ನೆಲ್ಲ ಅವನೊಬ್ಬನೇ ಮಾಡಿದನೆಂದು ನಾನು ಹೇಳುತ್ತಿಲ್ಲ. ಕಲ್ಲು ಸೀಳುವವರು, ಕಂಬವನ್ನು ತಿರುಗಿಸಿ ಕಡೆಯುವವರು, ಅಕ್ಷರ ಕಂಡರಿಸುವವರು ಬೇರೆ ಬೇರೆ ಇದ್ದಾರು. ಆದರೆ ಅವರೆಲ್ಲರ ಕೆಲಸ ಒಬ್ಬನ ತಲೆಯಲ್ಲಿ ಒಟ್ಟಿಗೆ ಇರಬೇಕಿತ್ತು. ನಮ್ಮ ಪದವಿ ಮೊದಲ ವರ್ಷ ಎಲ್ಲವನ್ನೂ ಚೂರುಚೂರು ತೋರಿಸಿ, ಎರಡನೆಯ ವರ್ಷದಿಂದ ಗೋಡೆ ಎಬ್ಬಿಸುತ್ತದೆ. ಚೂರುಗಳನ್ನು ಕೂಡಿಸುವ ವರ್ಷ ಎಂಬುದೊಂದು ಅದರಲ್ಲಿ ಇಲ್ಲವೇ ಇಲ್ಲ.

ಈ ಗೋಡೆಗಳು ಎಲ್ಲಿಂದ ಬಂದವು ಎಂದು ನೋಡಿದರೆ ನಮ್ಮ ಭಾಗದವರು ಮುಂಬಯಿಯ ಕಡೆಗೆ ಮುಖ ಮಾಡಬೇಕು. 1857ರಲ್ಲಿ ಶುರುವಾದ ಜೆ.ಜೆ. ಕಲಾಶಾಲೆಯಲ್ಲಿ ಹುಡುಗರು ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ರೇಖೆ ತಿದ್ದಿದರು. ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದಾಗ ಇಲ್ಲಿನ ಸಾಲಿಗಳಿಗೂ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳು ಬಂದವು. ನಮ್ಮ ಹಿರಿಯರಿಗೆ ಈ ಹೆಸರುಗಳು ಇನ್ನೂ ಬಾಯಿಪಾಠ. ವಸ್ತುಚಿತ್ರ, ಸ್ಮರಣಚಿತ್ರ, ನಕ್ಷೆ, ಭೂಮಿತಿ, ಅಕ್ಷರ ಬರವಣಿಗೆ. ಇಂದಿನ ಲೋವರ್, ಹೈಯರ್ ಪರೀಕ್ಷೆಗಳು ಅದೇ ಬಳ್ಳಿಯ ಕಾಯಿ. ಮುಂಬಯಿಯಲ್ಲಿ ಕಲಿತು ಬಂದ ಡಿ.ವಿ. ಹಾಲಭಾವಿಯವರು 1930ರ ದಶಕದಲ್ಲಿ ಧಾರವಾಡದಲ್ಲಿ ಕಲಾಶಾಲೆ ಕಟ್ಟಿದರು. ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಿಗಿ, ಗದಗಿನಲ್ಲಿ ಟಿ.ಪಿ. ಅಕ್ಕಿ, ಬೆಳಗಾವಿಯಲ್ಲಿ ಕೆ.ಬಿ. ಕುಲಕರ್ಣಿ ಕಲಿಸಿದರು. ರವಿ ಪರಾಂಜಪೆಯಂಥ ಚಿತ್ರಕಾರ ತಯಾರಾದದ್ದು ಕುಲಕರ್ಣಿಯವರ ಕೈಯಲ್ಲಿ. ಬಾದಾಮಿಯ ಆರ್.ಎಂ. ಹಡಪದ 1960ರ ದಶಕದಲ್ಲಿ ಬೆಂಗಳೂರಿಗೆ ಹೋಗಿ ಕೆನ್ ಕಲಾಶಾಲೆ ಕಟ್ಟಿದರು. ಇವರ ಪಠ್ಯಕ್ರಮ ಮುಂಬಯಿಯದೇ ಇರಬಹುದು, ಕಲಿಸಿದ್ದು ಮಾತ್ರ ಅದನ್ನು ಮೀರಿ. ಪಠ್ಯಕ್ರಮ ಬಡವಾಗಿದ್ದರೂ ಮೇಷ್ಟ್ರು ಶ್ರೀಮಂತನಾಗಿದ್ದರೆ ಸಾಲಿ ನಡೆಯುತ್ತದೆ. ಆದರೆ ವಿಶ್ವವಿದ್ಯಾಲಯದ ಪದವಿಯನ್ನು ಅಂಥ ಅದೃಷ್ಟದ ಮೇಲೆ ನಿಲ್ಲಿಸಲಾಗುವುದಿಲ್ಲ.

ಫೌಂಡೇಶನ್ ವರ್ಷದ ಮೂಲ ಬೇರೆ. ಅದರ ಕಲ್ಪನೆ ಬಂದದ್ದು 1919ರಲ್ಲಿ ಜರ್ಮನಿಯ ವೈಮರಿನಲ್ಲಿ ತೆರೆದ ಬೌಹೌಸ್ ಶಾಲೆಯಿಂದ. ಅಲ್ಲಿ ಯೋಹಾನೆಸ್ ಇಟ್ಟೆನ್ ರೂಪಿಸಿದ ಆರಂಭದ ಪಾಠದಲ್ಲಿ ವಿದ್ಯಾರ್ಥಿಗಳು ಮರ, ಬಟ್ಟೆ, ಲೋಹಗಳನ್ನು ಮುಟ್ಟಿ, ತೂಗಿ, ಕೂಡಿಸಿ ನೋಡುತ್ತಿದ್ದರು. ನಮ್ಮಲ್ಲಿ ಹೆಚ್ಚು ಹೇಳದ ಒಂದು ಸಂಗತಿ ಇದೆ: ಬೌಹೌಸಿನ ಕಮ್ಮಟಗಳಲ್ಲಿ ಮೊದಲ ವರ್ಷಗಳಲ್ಲಿ ಇಬ್ಬಿಬ್ಬರು ಗುರುಗಳಿದ್ದರು. ಒಬ್ಬ ರೂಪದ ಗುರು, ಅಂದರೆ ಕಲಾವಿದ. ಇನ್ನೊಬ್ಬ ಕಸುಬಿನ ಗುರು, ಅಂದರೆ ಬಡಿಗ, ನೇಕಾರ, ಕುಂಬಾರ. ಆ ಶಾಲೆಯಿಂದ ನಮ್ಮವರೆಗೆ ಬರುವ ದಾರಿಯಲ್ಲಿ ಮೊದಲನೆಯವನು ಪ್ರೊಫೆಸರನಾದ, ಎರಡನೆಯವನು ಕಳೆದೇಹೋದ.

ಕಳೆದುಹೋದವನು ಬೇರೆ ಎಲ್ಲೂ ಇಲ್ಲ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಓಣಿಗಳಲ್ಲಿ ಇದ್ದಾನೆ. ಈ ಸೀಮೆಯ ಮಕ್ಕಳ ವರ್ಷವನ್ನೇ ನೋಡಿ. ಮಣ್ಣೆತ್ತಿನ ಅಮವಾಸ್ಯೆಗೆ ಎರಿ ಮಣ್ಣಿನ ಜೋಡೆತ್ತು. ಆಷಾಢದ ಮಂಗಳವಾರಗಳಲ್ಲಿ ಹುಡುಗಿಯರು ಮಾಡುವ ಗುಳ್ಳವ್ವ, ಅವಳ ಮೈಗೆ ಚುಚ್ಚುವ ಗುಲಗಂಜಿ. ಪಂಚಮಿಗೆ ಮಣ್ಣಿನ ನಾಗಪ್ಪ. ಚೌತಿಗೆ ಗಣಪತಿ. ಅವನ ಬೆನ್ನಿಗೇ ಬುಟ್ಟಿಯಲ್ಲಿ ಕೂತು ಮನೆಮನೆಗೆ ಬರುವ ಜೋಕುಮಾರ, ಅಗಲ ಕಣ್ಣು, ತೆರೆದ ಬಾಯಿ, ಬೆಣ್ಣೆ ಹಚ್ಚಿಸಿಕೊಂಡ ತುಟಿ. ಮಳೆಗಾಲದ ಮೂರು ತಿಂಗಳಲ್ಲಿ ಐದು ಸಲ ಮಣ್ಣು ಮೂರ್ತಿಯಾಗುವುದನ್ನು ಈ ಮಕ್ಕಳು ನೋಡುತ್ತಾರೆ, ಎರಡು ಮೂರು ಸಲ ತಾವೇ ಮಾಡುತ್ತಾರೆ. ಹಸಿ ಮಣ್ಣು ಎಷ್ಟು ಒಣಗಿದರೆ ಕಾಲು ಬಿರುಕು ಬಿಡುತ್ತದೆ, ಕೋಡಿಗೆ ಒಳಗೊಂದು ಕಡ್ಡಿ ಯಾಕೆ ಬೇಕು ಎಂಬುದು ಅವರಿಗೆ ಹತ್ತು ವರ್ಷಕ್ಕೇ ಗೊತ್ತು. ಇಂಥ ಹುಡುಗಿ ಹದಿನೆಂಟಕ್ಕೆ ಕಲಾಕಾಲೇಜಿಗೆ ಬಂದಾಗ ‘ಕ್ಲೇ ಮಾಡೆಲಿಂಗ್’ ಎಂಬ ಪತ್ರಿಕೆ ಅವಳಿಗೆ ಮೊದಲಿಂದ ಮಣ್ಣು ಕಲಸುವುದನ್ನು ಕಲಿಸುತ್ತದೆ. ಅವಳ ಕೈಗೆ ಗೊತ್ತಿರುವುದನ್ನು ಯಾರೂ ಕೇಳುವುದಿಲ್ಲ. ಅವಳೂ ಹೇಳುವುದಿಲ್ಲ, ಗುಳ್ಳವ್ವನ ಹೆಸರು ತೆಗೆದರೆ ಪಕ್ಕದವರು ನಕ್ಕಾರು ಎಂಬ ಅಂಜಿಕೆ. ಮೂರು ತಿಂಗಳಲ್ಲಿ ಅವಳು ಕಲಿಯುವ ಮೊದಲ ಪಾಠ, ತನಗೆ ಏನೂ ಬರುವುದಿಲ್ಲ ಎಂಬುದು.

ಇಷ್ಟು ಹೇಳಿದ ಮೇಲೆ ‘ಹಾಗಾದರೆ ಹಳೆಯ ಗುರುಕುಲವೇ ಚೆಂದ’ ಎನ್ನುವವರು ಎದ್ದು ನಿಲ್ಲುತ್ತಾರೆ. ಅವರ ಜೊತೆ ನಾನಿಲ್ಲ. ಬಳ್ಳಿಗಾವಿಯ ದಾಸೋಜನ ಉಳಿ ಅವನ ಮಗ ಚಾವಣನಿಗೆ ಹೋಯಿತು. ಅದು ಹೋಗುತ್ತಿದ್ದದ್ದೇ ಹಾಗೆ, ಮನೆಯೊಳಗೆ, ಜಾತಿಯೊಳಗೆ. ದೇಗಾಂವದಲ್ಲಿ ಗುಡಿ ಕಟ್ಟಿಸುವ ಅಧಿಕಾರ ಒಬ್ಬ ಹೆಂಗಸಿಗೆ ಇತ್ತು. ಉಳಿ ಹಿಡಿಯುವ ಅವಕಾಶ ಎಷ್ಟು ಹೆಂಗಸರಿಗಿತ್ತು? ಗುಡಿಯ ಹೊಸ್ತಿಲು ದಾಟಲು ಬಿಡದ ಓಣಿಯ ಹುಡುಗನಿಗೆ ತಿಪ್ಪೋಜನ ಕಮ್ಮಟದಲ್ಲಿ ಜಾಗ ಇತ್ತೆಂದು ನಂಬುವುದು ಕಷ್ಟ. ಇಡೀ ಪಠ್ಯಕ್ರಮದಲ್ಲಿ ನನಗೆ ಅತ್ಯಂತ ಹಿಡಿಸಿದ ಸಾಲು ಯಾರೂ ಎರಡನೆಯ ಸಲ ಓದದ ಸಾಲು: ‘ಅರ್ಹತೆ: ಪಿ.ಯು.ಸಿ. ಅಥವಾ ತತ್ಸಮಾನ ಪರೀಕ್ಷೆಯಲ್ಲಿ ಉತ್ತೀರ್ಣ.’ ಅಪ್ಪ ಯಾರು, ಓಣಿ ಯಾವುದು ಎಂದು ಈ ಸಾಲು ಕೇಳುವುದಿಲ್ಲ. ಎಂಟುನೂರು ವರ್ಷಗಳಲ್ಲಿ ಕಲೆಯ ಬಾಗಿಲಿಗೆ ಬರೆದ ಫಲಕಗಳಲ್ಲಿ ಇಷ್ಟು ಅಗಲವಾದದ್ದು ಇನ್ನೊಂದಿಲ್ಲ. ಹಾಗಾಗಿಯೇ, ಬಾಗಿಲು ದಾಟಿ ಒಳಗೆ ಬಂದವರಿಗೆ ಏನು ಉಣಬಡಿಸುತ್ತೇವೆ ಎಂಬುದು ಸಣ್ಣ ಮಾತಾಗಿ ಉಳಿಯುವುದಿಲ್ಲ.

ಉಣಬಡಿಸುವುದರಲ್ಲಿ ಅತಿ ಸೊರಗಿದ್ದು ಕಲಾ ಇತಿಹಾಸ. ಸಿಂಧೂ ಕಣಿವೆ, ಅಜಂತಾ, ಬಾದಾಮಿ, ಬೇಲೂರು. ಆ ಕಡೆ ಗ್ರೀಸ್, ಇಟಲಿಯ ಪುನರುತ್ಥಾನ, ಇಂಪ್ರೆಶನಿಸಂ, ಕ್ಯೂಬಿಸಂ. ರೈಲ್ವೆ ನಿಲ್ದಾಣಗಳ ಪಟ್ಟಿಯಂತೆ. ಓದಬೇಕಾದ ಪುಸ್ತಕಗಳು ಬಹುಪಾಲು ಇಂಗ್ಲಿಷಿನವು, ಕನ್ನಡದಲ್ಲಿ ಸಿಗುವುದು ಹೆಚ್ಚಾಗಿ ಗೈಡು. ಶಿವರಾಮ ಕಾರಂತರು ‘ಕಲಾಪ್ರಪಂಚ’ ಬರೆದ ಭಾಷೆ ಇದು. ಆ ಹಾದಿ ಮುಂದುವರಿದು ಪಠ್ಯಪುಸ್ತಕವಾಗಲಿಲ್ಲ. ನಮ್ಮ ಗುಡಿಗಳನ್ನು ಕಟ್ಟಡವಾಗಿ ಹತ್ತಿರದಿಂದ ಓದಿದವರ ಹೆಸರು ಕೇಳಿ: ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಬಗ್ಗೆ 1926ರಲ್ಲಿ ದೊಡ್ಡ ಗ್ರಂಥ ತಂದ ಹೆನ್ರಿ ಕಸಿನ್ಸ್, ಕರ್ಣಾಟ ದ್ರಾವಿಡ ಪರಂಪರೆಯ ಬಗ್ಗೆ 1995ರಲ್ಲಿ ಬರೆದ ಆ್ಯಡಮ್ ಹಾರ್ಡಿ, ಡಚ್ಚರ ಗೆರಾರ್ಡ್ ಫೂಕೆಮಾ. ಹಾರ್ಡಿಯ ಮುಖ್ಯ ಹೊಳಹು ಸರಳ. ನಮ್ಮ ಗುಡಿ ಎಂದರೆ ಚಿಕ್ಕ ಚಿಕ್ಕ ಗುಡಿಗಳನ್ನು ಒಂದರೊಳಗೊಂದು, ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದು. ಗೋಡೆಯ ಮೇಲೆ ನಾವು ಅಲಂಕಾರ ಎಂದುಕೊಳ್ಳುವುದು ನಿಜಕ್ಕೂ ಇನ್ನೊಂದು ಪುಟ್ಟ ಕಟ್ಟಡ. ಮೊದಲ ವರ್ಷದ ಮೂರು ಆಯಾಮದ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಆ ಪಾಠವನ್ನು ನಾವು ಥರ್ಮೋಕೋಲಿನ ಘನಗಳನ್ನು ಅಂಟಿಸಿ ಕಲಿಸುತ್ತಿದ್ದೇವೆ.

ಕಲಾವಿದನಿಗೆ ಬರಹದ ಪತ್ರಿಕೆ ಯಾಕೆ ಎಂಬ ತಕರಾರು ಹಳೆಯದು. ಬ್ರಿಟನ್ನಿನಲ್ಲಿ 1960ರ ಕೋಲ್ಡ್‌ಸ್ಟ್ರೀಮ್ ವರದಿ ಕಲಾ ಡಿಪ್ಲೊಮಾಗಳಲ್ಲಿ ಕಲಾ ಇತಿಹಾಸವನ್ನು ಕಡ್ಡಾಯ ಮಾಡಬೇಕೆಂದಿತು. ಅದೇ ಹೊತ್ತಿಗೆ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಡೇವಿಡ್ ಹಾಕ್ನಿ ಕಡ್ಡಾಯದ ಪ್ರಬಂಧ ಬರೆಯಲು ಒಪ್ಪಲಿಲ್ಲ. ಡಿಪ್ಲೊಮಾ ಕೊಡುವುದಿಲ್ಲ ಎಂದಾಗ 1962ರಲ್ಲಿ ತಾನೇ ಒಂದು ಡಿಪ್ಲೊಮಾವನ್ನು ಎಚ್ಚಣೆ ಮಾಡಿಕೊಂಡ. ಕಾಲೇಜು ಕೊನೆಗೆ ಸೋತು ಕೊಟ್ಟಿತು. ನಮ್ಮ ಹುಡುಗರಿಗೆ ಈ ಕಥೆ ತುಂಬ ಇಷ್ಟ. ಆದರೆ ಹಾಕ್ನಿ ತನ್ನ ಭಾಷೆಯಲ್ಲಿ ಬರೆಯಬಹುದಾದ್ದನ್ನು ಬರೆಯಲೊಲ್ಲೆ ಎಂದವನು. ಕಿತ್ತೂರ ಕಡೆಯ ಹುಡುಗನಿಗೆ ಬರೆಯುವ ಮನಸ್ಸಿದ್ದರೂ ಓದಲು ಅವನ ಭಾಷೆಯ ಪುಸ್ತಕವಿಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಇನ್ನು ಕವಲಿನ ಮಾತು. ವಿದ್ಯಾರ್ಥಿ ಯಾವ ವಿಭಾಗ ಆರಿಸುತ್ತಾನೆ ಎಂಬುದನ್ನು ಅವನ ಒಲವು ಎಷ್ಟು ನಿರ್ಧರಿಸುತ್ತದೋ, ಮನೆಯ ಅಡಿಗೆಮನೆ ಅದಕ್ಕಿಂತ ಹೆಚ್ಚು ನಿರ್ಧರಿಸುತ್ತದೆ. ‘ಚಿತ್ರಾ ತಗದ್ರ ಹೊಟ್ಟಿ ತುಂಬತೈತೇನೋ ತಮ್ಮಾ?’ ಎಂಬ ಪ್ರಶ್ನೆಗೆ ಉತ್ತರವಿರುವುದು ಅನ್ವಯಿಕ ಕಲೆಯಲ್ಲಿ ಎಂದು ಎಲ್ಲರ ನಂಬಿಕೆ. ಜಾಹೀರಾತು, ಅನಿಮೇಶನ್, ಬೆಂಗಳೂರು. ಚಿತ್ರಕಲೆ ಹಿಡಿದವನು ಡ್ರಾಯಿಂಗ್ ಮಾಸ್ತರನ ಹುದ್ದೆಗೆ ಕಾಯುತ್ತಾನೆ, ಆ ಹುದ್ದೆ ಕರೆಯುವುದು ಯಾವಾಗಲೋ. ಶಿಲ್ಪ ಹಿಡಿಯುವವರು ಕಡಿಮೆ. ಹೊರಗೆ ಮಾತ್ರ ಊರೂರಿಗೆ ಕಲ್ಲಿನ ಗುಡಿ ಏಳುತ್ತಿದೆ, ವೃತ್ತಕ್ಕೊಂದು ಮೂರ್ತಿ ಏಳುತ್ತಿದೆ. ಆ ಕೆಲಸಕ್ಕೆ ಶಿಲ್ಪಿಗಳನ್ನು ದೂರದಿಂದ ಕರೆಸುತ್ತಾರೆ, ಇಲ್ಲವೇ ಸಿಮೆಂಟಿನಲ್ಲಿ ಎರಕ ಹೊಯ್ದು ಬಂಗಾರದ ಬಣ್ಣ ಬಳಿಯುತ್ತಾರೆ. ಪೇಟೆ ಇರುವ ಕಡೆ ಪದವಿ ಇಲ್ಲ, ಪದವಿ ಇರುವ ಕಡೆ ಪೇಟೆ ಇಲ್ಲ. ಶಿಲ್ಪ ವಿಭಾಗದ ಪಠ್ಯಕ್ರಮದಲ್ಲಿ ಹಳೆಯ ಗುಡಿಯ ದುರಸ್ತಿ, ಅಳತೆಪಟ್ಟಿ, ಕಲ್ಲಿನ ಜಾತಿ, ಕೆಲಸದ ಅಂದಾಜು ಪತ್ರ ಎಂಬ ನಾಲ್ಕು ಸಂಗತಿ ಸೇರಿಸಿದರೆ ಅದು ಕಲೆಗೆ ಅವಮಾನ ಎಂದು ಹಲವು ಅಧ್ಯಾಪಕರು ಭಾವಿಸುತ್ತಾರೆ. ತಿಪ್ಪೋಜನಿಗೆ ಆ ನಾಲ್ಕೂ ಬರುತ್ತಿದ್ದವು, ಅವಮಾನವಾದಂತೆ ಕಾಣುವುದಿಲ್ಲ.

ನಾನು ಕೇಳುವ ಬದಲಾವಣೆ ದೊಡ್ಡದಲ್ಲ, ಹೊಸ ಆಯೋಗವೂ ಬೇಡ. ‘ಹೊಯ್ಸಳ ಶಿಲ್ಪದ ಲಕ್ಷಣಗಳನ್ನು ವಿವರಿಸಿ, ಹತ್ತು ಅಂಕ’ ಎಂಬಂಥ ಪ್ರಶ್ನೆಯ ಜಾಗದಲ್ಲಿ ಇದನ್ನು ಇಡಿ: ‘ನಿಮ್ಮ ತಾಲ್ಲೂಕಿನ ಒಂದು ಗುಡಿಯ ಒಂದು ಕಂಬವನ್ನು ಅಳತೆಗೆ ತಕ್ಕಂತೆ ಬರೆಯಿರಿ. ಅದರ ಯಾವ ಭಾಗವನ್ನು ತಿರುಗಿಸಿ ಕಡೆದಿದ್ದಾರೆ, ಯಾವುದನ್ನು ಉಳಿಯಿಂದ ತೆಗೆದಿದ್ದಾರೆ, ಹೇಗೆ ಗೊತ್ತಾಯಿತು ಎಂದು ನಿಮ್ಮ ಮಾತಿನಲ್ಲಿ ತಿಳಿಸಿರಿ.’ ಇದರ ಉತ್ತರ ಯಾವ ಗೈಡಿನಲ್ಲೂ ಸಿಗುವುದಿಲ್ಲ. ಬರೆಯಬೇಕಾದರೆ ಧಾರವಾಡದಿಂದಲೋ ಬೆಳಗಾವಿಯಿಂದಲೋ ಕಿತ್ತೂರಿಗೆ ಬಸ್ಸು ಹತ್ತಬೇಕು, ಅಲ್ಲಿಂದ ದೇಗಾಂವಕ್ಕೆ ಟೆಂಪೋ ಸಿಕ್ಕರೆ ಟೆಂಪೋ. ಬೇಕಾಗುವ ಸಾಮಾನು ಒಂದು ಅಳತೆ ಟೇಪು, ಒಂದು ಪೆನ್ಸಿಲು, ಊಟದ ಡಬ್ಬಿ.