ರಾಜಕಾಲುವೆಯೂ ಉದ್ಯಾನವೂ: ಕೋರಮಂಗಲ ಕಣಿವೆಯ ಜಲಮಾರ್ಗದ ಒಂದು ವಿಮರ್ಶೆ

ಪ್ರಾಚೀನ ವಸ್ತುವೊಂದನ್ನು ಸಂರಕ್ಷಿಸುವುದೆಂದರೆ ಅದರ ರೂಪವನ್ನು ಉಳಿಸುವುದೆಂಬ ಅಭಿಪ್ರಾಯವು ನಮ್ಮಲ್ಲಿ ಬಹುಮಟ್ಟಿಗೆ ರೂಢವಾಗಿದೆ. ದೇವಾಲಯಕ್ಕೂ ಕೋಟೆಯ ಬಾಗಿಲಿಗೂ ಈ ಮಾತು ಸಲ್ಲಬಹುದು. ಆದರೆ ಕಾಲುವೆಯ ವಿಷಯ ಬೇರೆ. ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕಾರ್ಯವೇ ಅದರ ಸ್ವರೂಪ. ಆ ಕಾರ್ಯವನ್ನು ಮರೆತು ದಂಡೆಯನ್ನು ಮಾತ್ರ ಅಲಂಕರಿಸಿದರೆ ನಾವು ಉಳಿಸಿದ್ದಾದರೂ ಏನನ್ನು? ಬೆಂಗಳೂರಿನ ಕೋರಮಂಗಲ ಕಣಿವೆಯ ರಾಜಕಾಲುವೆಯನ್ನು ನಾಗರಿಕರ ವಿಹಾರಯೋಗ್ಯ ಜಲಮಾರ್ಗವನ್ನಾಗಿ ಮಾರ್ಪಡಿಸುವ ಯೋಜನೆಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲಿರುವ ಊರು. ಮಗ್ಗುಲಲ್ಲಿ ತುಂಬಿ ಹರಿಯುವ ಮಹಾನದಿ ಇದಕ್ಕಿಲ್ಲ. ಬಿದ್ದ ಮಳೆಯು ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಎಂಬ ಮೂರು ಮುಖ್ಯ ಕಣಿವೆಗಳಲ್ಲಿ ಇಳಿದು ಹೋಗುತ್ತದೆ. ಹಿಂದಿನವರು ಈ ಇಳಿಜಾರನ್ನು ಅರಿತು ಅಲ್ಲಲ್ಲಿ ಏರಿ ಹಾಕಿ ಕೆರೆಗಳನ್ನು ಕಟ್ಟಿದರು. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವಂತೆ ಏರ್ಪಡಿಸಿದರು. ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚಲು ನೀರುಗಂಟಿ ಇದ್ದನು. ಅಗಸನ ಕಲ್ಲು, ಕುಂಬಾರನ ಜೇಡಿಮಣ್ಣು, ಇಟ್ಟಿಗೆಯ ಗೂಡು, ತೋಟಗಾರನ ಪಾತಿ ಇವೆಲ್ಲವೂ ಕೆರೆಯನ್ನು ಅವಲಂಬಿಸಿದ್ದವು. ಆದುದರಿಂದ ಈ ಜಾಲವನ್ನು ಕೇವಲ ನೀರಾವರಿಯ ಸಾಧನವೆಂದು ತಿಳಿಯದೆ, ಊರಿನ ಕಸುಬುಗಳ ಆಧಾರವೆಂದೂ ತಿಳಿಯಬೇಕು. ಗಿರಣಿಗಳ ಕಾಲಕ್ಕೆ ಮೊದಲು ನಮ್ಮ ಊರಿನ ಉದ್ಯಮದ ಚರಿತ್ರೆ ಎಂಬುದೇನಾದರೂ ಇದ್ದರೆ, ಅದರ ಬಹುಭಾಗ ಈ ಏರಿಗಳ ಕೆಳಗೆ ನಡೆದುದು.

ಇದಕ್ಕೆ ಸಾಕ್ಷ್ಯವು ದೂರದಲ್ಲಿಲ್ಲ. ದಕ್ಷಿಣ ಬೆಂಗಳೂರಿನ ಒಂದು ಬಡಾವಣೆಯನ್ನು ನಾವು ದಿನವೂ ಬಿ.ಟಿ.ಎಂ. ಎಂದು ಕರೆಯುತ್ತೇವೆ. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳು ಸೇರಿ ಆದ ಹೆಸರಿದು. 'ಸಂದ್ರ' ಎಂಬುದು ಕೆರೆ ಎಂಬರ್ಥದ 'ಸಮುದ್ರ' ಶಬ್ದದ ತದ್ಭವ. ತಾವರೆಕೆರೆಯ ಅರ್ಥ ಸ್ಪಷ್ಟ. ಮಡಿವಾಳನೆಂದರೆ ಬಟ್ಟೆ ಒಗೆಯುವ ಕಸುಬಿನವನು. ಮೂರು ಅಕ್ಷರಗಳಲ್ಲಿ ಎರಡು ಕೆರೆಗಳೂ ಒಂದು ಕಸುಬಿನ ಹೆಸರೂ ಅಡಗಿದ್ದರೂ ಅಲ್ಲಿ ವಾಸಮಾಡುವ ನಮ್ಮ ವಿದ್ಯಾರ್ಥಿಗಳಲ್ಲಿ ಇದನ್ನು ಬಲ್ಲವರು ವಿರಳ.

1896ರಲ್ಲಿ ಹೆಸರಘಟ್ಟದಿಂದ ನಗರಕ್ಕೆ ಕೊಳಾಯಿಯ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಮೇಲಿನ ಅವಲಂಬನೆ ತಗ್ಗುತ್ತ ಬಂದಿತು. ಧರ್ಮಾಂಬುಧಿಯ ನೆಲದಲ್ಲಿ ಬಸ್ ನಿಲ್ದಾಣವೂ, ಸಂಪಂಗಿಯಲ್ಲಿ ಕಂಠೀರವ ಕ್ರೀಡಾಂಗಣವೂ, ಅಕ್ಕಿತಿಮ್ಮನಹಳ್ಳಿಯಲ್ಲಿ ಹಾಕಿ ಮೈದಾನವೂ ಎದ್ದವು. ಕೆರೆಗಳು ಹೋದರೂ ಇಳಿಜಾರು ಹೋಗಲಿಲ್ಲ. ಕೆರೆಯಿಲ್ಲದ ಕಾಲುವೆ ಕೊಳಚೆಯ ಮೋರಿಯಾಯಿತು.

ಈ ಮೋರಿಯನ್ನೇ ಮತ್ತೆ ಕಾಲುವೆಯಾಗಿಸುವ ಕಾರ್ಯಕ್ಕೆ ಆಗಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಕೈಹಾಕಿತು. ಧರ್ಮಾಂಬುಧಿಯ ಆಸುಪಾಸಿನಲ್ಲಿ ಹೊರಟು ಮಾರುಕಟ್ಟೆ, ಶಾಂತಿನಗರಗಳ ಮೂಲಕ ಬೆಳ್ಳಂದೂರಿನ ಕಡೆಗೆ ಸಾಗುವ ಈ ಕಾಲುವೆಗೆ ಕೊಳಚೆ ಸೇರದಂತೆ ತಡೆಯುವುದು, ಸಂಸ್ಕರಿಸಿದ ನೀರನ್ನು ಹರಿಸುವುದು, ದಂಡೆಯಲ್ಲಿ ಕಾಲುದಾರಿಯನ್ನೂ ಗಿಡಮರಗಳನ್ನೂ ಏರ್ಪಡಿಸುವುದು ಯೋಜನೆಯ ಮುಖ್ಯಾಂಶಗಳು. ಇದರ ಗುಣವನ್ನು ಮೊದಲು ಒಪ್ಪಿಕೊಳ್ಳಬೇಕು. ಮೋರಿಗೆ ಚಪ್ಪಡಿ ಹಾಕಿ ಮರೆಮಾಡುವುದೇ ಪರಿಹಾರವೆಂದು ತಿಳಿದಿದ್ದ ಊರಿನಲ್ಲಿ ಅದನ್ನು ತೆರೆದು ನೋಡುವಂತೆ ಮಾಡಿದುದು ಸಾಮಾನ್ಯವಾದ ಕಾರ್ಯವಲ್ಲ. ಕಣ್ಣಿಗೆ ಬಿದ್ದ ನೀರನ್ನು ಜನರು ತಮ್ಮದೆಂದು ತಿಳಿಯುವ ಸಂಭವವಾದರೂ ಉಂಟು.

ಆದರೆ ಇಲ್ಲಿ ಎರಡು ಆಕ್ಷೇಪಗಳಿಗೆ ಅವಕಾಶವಿದೆ. ಮೊದಲನೆಯದು ಮಾದರಿಯನ್ನು ಕುರಿತದ್ದು. ಇಂಥ ಯೋಜನೆಗಳ ಪ್ರಸ್ತಾಪ ಬಂದಾಗಲೆಲ್ಲ ದಕ್ಷಿಣ ಕೊರಿಯದ ಸೋಲ್ ನಗರದ ಚೊಂಗ್ಯೆಚೊನ್ ತೊರೆಯ ಉದಾಹರಣೆಯನ್ನು ಕೊಡುವುದುಂಟು. ಅಲ್ಲಿ 2003ರಲ್ಲಿ ಮೇಲುರಸ್ತೆಯನ್ನು ಕೆಡವಲಾರಂಭಿಸಿ 2005ರ ವೇಳೆಗೆ ಸುಮಾರು 5.8 ಕಿಲೋಮೀಟರು ಉದ್ದದ ತೊರೆಯನ್ನು ತೆರೆದರು. ಅದು ಸುಂದರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ಹರಿಯುವ ನೀರಿನ ಬಹುಭಾಗವನ್ನು ಹಾನ್ ನದಿಯಿಂದ ಯಂತ್ರಗಳ ಮೂಲಕ ಎತ್ತಿ ಬಿಡಬೇಕಾಗುತ್ತದೆ. ಅಂದರೆ ತೊರೆಯ ರೂಪ ಮರಳಿತೇ ಹೊರತು ಅದರ ಮೂಲವಲ್ಲ. ಕೆರೆಗಳ ಸಂಬಂಧವನ್ನು ಚಿಂತಿಸದಿದ್ದರೆ ನಮ್ಮ ಕಾಲುವೆಯೂ ಇದೇ ಸ್ಥಿತಿಗೆ ಬರುವುದು ಸಹಜ.

ಕಾಲುವೆಯ ಪರೀಕ್ಷೆ ನಡೆಯುವುದು ಅದು ಸೇರುವ ಸ್ಥಳದಲ್ಲಿ. ಬೆಳ್ಳಂದೂರು ಕೆರೆಯು 2015ರಲ್ಲಿಯೂ 2017ರಲ್ಲಿಯೂ ಬೆಂಕಿ ಹೊತ್ತಿಕೊಂಡು ಲೋಕದ ಬೆರಗಿಗೆ ಕಾರಣವಾಯಿತು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಅದೇ ಸುತ್ತಿನ ಬಡಾವಣೆಗಳು ಮುಳುಗಿದವು. ಇನ್ನೊಂದು ಕಡೆ, ಇದೇ ಕಣಿವೆಯ ಕೊಳಚೆಯನ್ನು ಸಂಸ್ಕರಿಸಿ ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ಕಡೆಯ 126 ಕೆರೆಗಳಿಗೆ ಕೊಡುವ ಯೋಜನೆಯ ನೀರು 2018ರಲ್ಲಿ ಹರಿಯತೊಡಗಿತು. ಆ ನೀರಿನ ಶುದ್ಧಿಯ ಬಗ್ಗೆ ವಾದಗಳಿರಬಹುದು. ಆದರೂ ಒಂದು ಊರಿನ ಹೊರಹರಿವು ಮತ್ತೊಂದು ಊರಿನ ಕೆರೆಗೆ ಸಲ್ಲಬೇಕೆಂಬ ಹಳೆಯ ತತ್ತ್ವವನ್ನು, ದಂಡೆಯ ಮೇಲಿನ ದೀಪದ ಕಂಬಗಳಿಗಿಂತ ಹೆಚ್ಚಾಗಿ ಅದು ಉಳಿಸಿಕೊಂಡಿದೆಯೆಂದು ಹೇಳಬೇಕಾಗುತ್ತದೆ.

ಎರಡನೆಯ ಆಕ್ಷೇಪವು ಸ್ಮರಣೆಗೆ ಸಂಬಂಧಿಸಿದ್ದು. ಈ ಜಲಮಾರ್ಗವು 'ಕೆ-100' ಎಂಬ ಸಂಖ್ಯೆಯಿಂದ ಪ್ರಸಿದ್ಧವಾಗಿದೆ. ಕಡತಕ್ಕೆ ಸಂಖ್ಯೆ ಸಾಕು, ಚರಿತ್ರೆಗೆ ಸಾಲದು. ಯಾವ ಕೆರೆಯ ಕೋಡಿಯಿಂದ ಈ ನೀರು ಬರುತ್ತಿತ್ತು, ಯಾವ ಕಸುಬಿನವರು ಇದನ್ನು ನಂಬಿದ್ದರು ಎಂಬುದು ನಡೆಯುವವನಿಗೆ ತಿಳಿಯದಿದ್ದರೆ ಅವನು ಉದ್ಯಾನದಲ್ಲಿ ನಡೆದಾನೇ ಹೊರತು ರಾಜಕಾಲುವೆಯ ದಂಡೆಯಲ್ಲಲ್ಲ. ಮಣ್ಣು ಹೊತ್ತು ಏರಿ ಕಟ್ಟಿದವರ ಹೆಸರು ನಮಗೆ ಉಳಿದಿಲ್ಲ. ಕೆರೆಗಳ ಹೆಸರಾದರೂ ಉಳಿದಿವೆ. ಅವನ್ನು ಆಯಾ ಸ್ಥಳದಲ್ಲಿ ಕಲ್ಲಿನ ಮೇಲೆ ಬರೆಸುವುದು ದುಬಾರಿಯ ಕೆಲಸವಲ್ಲ.

ಇದರಲ್ಲಿ ಕಾಲೇಜುಗಳ ಹೊಣೆಯೂ ಇದೆ. ಶಾಸನ, ಕಂದಾಯದ ನಕ್ಷೆ, ಊರಿನ ಹಿರಿಯರ ನೆನಪು ಈ ಮೂರನ್ನೂ ಹೋಲಿಸಿ, ಒಂದೊಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಯವರೆಗೆ ವಿದ್ಯಾರ್ಥಿಗಳು ನಡೆದು ದಾಖಲೆ ಮಾಡಿದರೆ, ಉದ್ಯಾನಕ್ಕೆ ಕೊರತೆಯಾಗಿರುವ ಚರಿತ್ರೆಯನ್ನು ನಾವೇ ಒದಗಿಸಬಹುದು. ಆರಂಭಕ್ಕೆ ಭೈರಸಂದ್ರ, ತಾವರೆಕೆರೆ, ಮಡಿವಾಳಗಳೇ ಸಾಕು.