ಕೊಡದ ನೀರು, ತೂಗುಹಾಕಿದ ಪಟ

ಜೇಡಿ ಸ್ಮಿತ್ ಅವರ ಮೊದಲ ಕಾದಂಬರಿ ‘ವೈಟ್ ಟೀತ್’ 2000ದಲ್ಲಿ ಹೊರಬಂದಾಗ ಆಕೆಗೆ ಇಪ್ಪತ್ತನಾಲ್ಕು ವರ್ಷ. ಜಮೈಕಾದ ತಾಯಿ, ಇಂಗ್ಲಿಷ್ ತಂದೆ. ಕಾದಂಬರಿ ನಡೆಯುವುದು ಆಕೆ ಬೆಳೆದ ವಾಯವ್ಯ ಲಂಡನ್ನಿನ ವಿಲ್ಸ್‌ಡನ್ ಭಾಗದಲ್ಲಿ. ಇದನ್ನು ಬಹುಸಂಸ್ಕೃತಿಗಳ ಹಬ್ಬ ಎಂದು ಕೊಂಡಾಡಿದವರಿದ್ದಾರೆ; ಜೇಮ್ಸ್ ವುಡ್ ಅವರಂತೆ ‘ಉನ್ಮಾದದ ವಾಸ್ತವವಾದ’ ಎಂದು ಬೈದವರೂ ಇದ್ದಾರೆ. ನಮ್ಮ ಪ್ರಶ್ನೆ ಬೇರೆ. ಹಬ್ಬ ಸರಿ, ಆದರೆ ಬಾಗಿಲಾಚೆ ನಿಂತವರು ಯಾರು? ಇದನ್ನು ಕೇಳದೆ ದಲಿತ ಓದು ಶುರುವಾಗೋದೇ ಇಲ್ಲ.

ಆರ್ಚಿ ಜೋನ್ಸ್ ಎಂಬ ಸಾಮಾನ್ಯ ಇಂಗ್ಲಿಷಿನವ, ಸಮದ್ ಇಕ್ಬಾಲ್ ಎಂಬ ಬಂಗಾಳಿ ಮುಸ್ಲಿಮ. ಎರಡನೇ ಮಹಾಯುದ್ಧದ ಕೊನೆಯಲ್ಲಿ ಒಂದೇ ಟ್ಯಾಂಕಿನಲ್ಲಿ ಕೂತು ಹುಟ್ಟಿದ ಸ್ನೇಹ ಇವರದು. ನಾಜಿಗಳಿಗೆ ದುಡಿದ ವೈದ್ಯನೊಬ್ಬನನ್ನು ಆರ್ಚಿ ಕೊಂದ ಎಂಬ ನಂಬಿಕೆಯ ಮೇಲೆ ಸ್ನೇಹ ನಿಂತಿದೆ. ಕೊಂದಿರಲಿಲ್ಲ ಎನ್ನುವ ಗುಟ್ಟು ಹೊರಬರುವುದು 1992ರ ಕೊನೆಯ ರಾತ್ರಿ. ಸುಳ್ಳಿನ ಮೇಲೆ ಕಟ್ಟಿದ ಸ್ನೇಹವೂ ನಿಜವಾದ ಸ್ನೇಹವೇ ಆಗಬಹುದು ಎನ್ನುವ ಸ್ಮಿತ್ ಅವರ ಜೀವಪರ ನಿಲುವು ದೊಡ್ಡದು. ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು.

ಸಮದ್‌ನ ಗುಟ್ಟು ಬೇರೆ ಬಗೆಯದು. ಹೋಟೆಲಿನಲ್ಲಿ ತಟ್ಟೆ ಹೊರುವ ಈತ, ಮಕ್ಕಳ ಸಂಗೀತದ ಟೀಚರ್ ಜೊತೆ ಸಂಬಂಧ ಬೆಳೆಸಿ, ಆ ಪಾಪಪ್ರಜ್ಞೆಯಲ್ಲಿ ಅವಳಿ ಮಕ್ಕಳಲ್ಲಿ ಒಬ್ಬನನ್ನು ಹೆಂಡತಿ ಅಲ್ಸಾನಾಗೆ ತಿಳಿಸದೆ ಬಾಂಗ್ಲಾದೇಶಕ್ಕೆ ಸಾಗಿಸುತ್ತಾನೆ. ತಪ್ಪು ಅಪ್ಪನದು, ಶುದ್ಧೀಕರಣ ಮಗನಿಗೆ! ಇದನ್ನು ವಲಸಿಗನ ಸಂಸ್ಕೃತಿ ಸಂಘರ್ಷ ಅಂತ ಓದಬಹುದು. ಆದರೆ ನಮಗೆ ಇದಕ್ಕೆ ಹಳೆಯ ಹೆಸರೊಂದು ಗೊತ್ತಿದೆ: ಮಡಿ. ಮಡಿಗೆ ಕಳಿಸಿದ ಮಗ ಮ್ಯಾಗಿದ್ ಪಕ್ಕಾ ಇಂಗ್ಲಿಷ್ ದೊರೆಯಾಗಿ ಮರಳಿ, ಹಂದಿಮಾಂಸ ಬೇಯಿಸದ ಹೋಟೆಲಿನಲ್ಲೇ ಹಂದಿಮಾಂಸದ ಸ್ಯಾಂಡ್‌ವಿಚ್ ಕೇಳುತ್ತಾನೆ. ಮಡಿಯನ್ನು ಇಷ್ಟು ಚೆನ್ನಾಗಿ ಗೇಲಿ ಮಾಡಿದ ಇಂಗ್ಲಿಷ್ ಕಾದಂಬರಿಗಳು ಕಡಿಮೆ. ಶುದ್ಧ ರಕ್ತದ ಮನುಷ್ಯನನ್ನು ಹುಡುಕೋದೇ ಕಟ್ಟುಕತೆ ಎಂಬ ತಿಳಿವು ಅಲ್ಸಾನಾಳ ಮಾತಲ್ಲಿದೆ.

ಹೀಗಿದ್ದೂ ಒಂದು ಕಡೆ ಕಾದಂಬರಿಯ ಕಣ್ಣು ತಪ್ಪಿದೆ. ಸಮದ್‌ನ ಹೆಮ್ಮೆಯೆಲ್ಲ ಮುತ್ತಾತ ಮಂಗಲ್ ಪಾಂಡೆಯ ಮೇಲೆ. 1857ರ ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಬಂದೂಕು ಎತ್ತಿ, ಏಪ್ರಿಲ್ 8ರಂದು ನೇಣಿಗೇರಿದ ಸಿಪಾಯಿ. ಆತ ವೀರನೋ ಅಮಲೇರಿದ ಪೆದ್ದನೋ ಎಂದು ಗೆಳೆಯರು ದಶಕಗಟ್ಟಲೆ ಜಗಳವಾಡುತ್ತಾರೆ. ಸಮದ್ ಕಾಡಿ ಬೇಡಿ ಹೋಟೆಲಿನ ಗೋಡೆಗೆ ಅವನ ಪಟ ತೂಗುಹಾಕಿಸುತ್ತಾನೆ. ಆದರೆ ಪಾಂಡೆ ಬ್ರಾಹ್ಮಣ ಅನ್ನೋದು ಈ ಜಗಳದಲ್ಲಿ ಒಂದು ವಿಷಯವೇ ಅಲ್ಲ! ಬಂಗಾಳಿ ಮುಸ್ಲಿಮರಲ್ಲಿ ಅಶ್ರಫ್, ಅಜ್ಲಾಫ್, ಅರ್ಜಲ್ ಎಂಬ ಮೇಲುಕೀಳುಗಳಿರುವುದನ್ನು ಅಂಬೇಡ್ಕರ್ 1901ರ ಜನಗಣತಿ ವರದಿ ಹಿಡಿದು ತೋರಿಸಿದ್ದರು. ಸಮದ್‌ನ ವಂಶದ ಗೀಳನ್ನು ಈ ಬೆಳಕಲ್ಲಿ ಓದಿದರೆ ಅದು ಬರೀ ವಲಸಿಗನ ಹಳಹಳಿಕೆಯಾಗಿ ಉಳಿಯುವುದಿಲ್ಲ.

ಇನ್ನು ತೋಟಾಕ್ಕೆ ಬಳಿದ ಕೊಬ್ಬಿನ ಗುಟ್ಟು. ಕಾದಂಬರಿಯಲ್ಲಿ ಅದನ್ನು ಪತ್ತೆ ಮಾಡುವವನು ಯಾರೋ ಒಬ್ಬ ಚುರುಕಾದ ಕಾರ್ಖಾನೆ ಕೆಲಸಗಾರ. ಹೆಸರಿಲ್ಲ, ಜಾತಿಯಿಲ್ಲ, ಒಂದು ವಾಕ್ಯ ದಾಟಿದರೆ ಅವನೇ ಇಲ್ಲ. 1857ರ ಜನವರಿಯಲ್ಲಿ ಬ್ರಿಟಿಷ್ ಅಧಿಕಾರಿಗಳೇ ಬರೆದಿಟ್ಟಂತೆ, ಡಮ್‌ಡಮ್‌ನಲ್ಲಿ ಮದ್ದುಗುಂಡಿನ ಕೆಲಸದ ಕೆಳಜಾತಿಯ ಖಲಾಸಿಯೊಬ್ಬ ಬ್ರಾಹ್ಮಣ ಸಿಪಾಯಿಯ ಲೋಟಾದಿಂದ ನೀರು ಕೇಳಿದ. ಸಿಪಾಯಿ ಜಾತಿ ಕೆಡುತ್ತದೆಂದು ಕೊಡಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ದನ ಹಂದಿಯ ಕೊಬ್ಬು ಕಚ್ಚುವವನಿಗೆ ಎಲ್ಲಿಯ ಜಾತಿ ಅಂತ ಖಲಾಸಿ ಹಂಗಿಸಿದ. ಉತ್ತರಪ್ರದೇಶದ ದಲಿತರ ನೆನಪಿನಲ್ಲಿ, ಅವರ ಪುಟ್ಟ ಪುಸ್ತಕಗಳಲ್ಲಿ ಇವನಿಗೆ ಹೆಸರಿದೆ: ಮಾತಾದೀನ್ ಭಂಗಿ.

ಅಂದರೆ ‘ಮೊದಲ ಸ್ವಾತಂತ್ರ್ಯ ಸಂಗ್ರಾಮ’ದ ಹಿಂದೆ ಕೊಡದ ಒಂದು ಗುಟುಕು ನೀರಿದೆ. ಗುಟ್ಟುಗಳ ಬೆನ್ನು ಹತ್ತಿದ ಕಾದಂಬರಿಗೆ ಈ ಗುಟ್ಟು ದಕ್ಕಲಿಲ್ಲ. ಬಹುಸಂಸ್ಕೃತಿ ಎಂಬ ಮಾತಿನ ಮಿತಿಯೇ ಇದು: ಸಂಸ್ಕೃತಿ ಸಂಸ್ಕೃತಿಗಳ ಮುಖಾಮುಖಿ ಅದಕ್ಕೆ ಕಾಣುತ್ತದೆ, ಒಂದು ಸಂಸ್ಕೃತಿಯ ಒಳಗಿನ ಗೋಡೆ ಕಾಣೋದಿಲ್ಲ. ಬ್ರಿಟನ್ನಿನ ಪಾರ್ಲಿಮೆಂಟು ಜಾತಿ ತಾರತಮ್ಯವನ್ನು ಸಮಾನತಾ ಕಾಯ್ದೆಯೊಳಗೆ ತರಬೇಕೆಂದು 2013ರಲ್ಲಿ ಗೊತ್ತುಮಾಡಿತು. 2018ರಲ್ಲಿ ಅಲ್ಲಿನ ಸರ್ಕಾರ ಅದನ್ನು ಕೈಬಿಟ್ಟಿತು. ಪೆಟ್ಟಿಗೆ ಹೊತ್ತು ಸಮುದ್ರ ದಾಟಿದವರ ಜೊತೆ ಜಾತಿಯೂ ದಾಟಿದೆ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಂತ ಲಂಡನ್ನಿನ ಲೇಖಕಿ ದಲಿತ ಪಾತ್ರ ಯಾಕೆ ತರಲಿಲ್ಲ ಅಂತ ತಗಾದೆ ತೆಗೆಯುವುದು ವಿಮರ್ಶೆಯಲ್ಲ. ಇನ್ನೊಂದು ಅಪಾಯ ನಮ್ಮ ಕಡೆಯೇ ಇದೆ. ಪಾಂಡೆಯ ಪಟ ಇಳಿಸಿ ಮಾತಾದೀನ್‌ನ ಪಟ ಏರಿಸಿದರೆ ಕೆಲಸ ಮುಗಿಯಿತೆ? ವೀರ ಪೂರ್ವಜನೊಬ್ಬ ಸಿಕ್ಕಿಬಿಟ್ಟರೆ ಘನತೆ ಬಂತು ಅಂದುಕೊಂಡರೆ ನಾವೂ ಸಮದ್‌ಗಳೇ. ಸಮದ್ ಕೇಳುವುದು ರಕ್ತದ ಹಕ್ಕು. ಖಲಾಸಿ ಕೇಳಿದ್ದು ನೀರು. ಬಾಯಾರಿಕೆಗೆ ವಂಶವಿಲ್ಲ. ಆ ಲೋಟಾ ಇನ್ನೂ ಯಾರ ಕೈಯಲ್ಲಿದೆ ಅನ್ನೋದನ್ನು ದಲಿತ ವಿಮರ್ಶೆ ಕೇಳುತ್ತಲೇ ಇರಬೇಕು. ಕಾದಂಬರಿಗಳನ್ನೂ, ಕಾದಂಬರಿಯಾಚೆಯ ಊರುಗಳನ್ನೂ.